ಯಾವ ಊರಿನ ಮೋಟಾರು?

ಸ್ವಲ್ಪ ನಿಲ್ಲಿ. ಮೊಬೈಲಿನ ಮೇಲಿನ ಹೆಬ್ಬೆರಳು ಅಲ್ಲೇ ಇರಲಿ, ಮುಂದಕ್ಕೆ ಜಾರಿಸಬೇಡಿ. ಅರ್ಧ ಎಚ್‌ಪಿಯ ಒಂದು ಪಂಪಿನ ಮೋಟಾರು ಹದಿನೆಂಟೇ ನಿಮಿಷದಲ್ಲಿ ಐದಾರು ಜನರ ಎದುರು ನನ್ನ ಮರ್ಯಾದೆ ತೆಗೆದ ಸಂಗತಿ ಬರಲಿಕ್ಕಿದೆ. ಅದಕ್ಕೆ ಮೊದಲು ಒಂದು ತಗಡಿನ ಶೆಡ್ಡು ಯೂನಿವರ್ಸಿಟಿ ಆದದ್ದನ್ನು ಹೇಳಬೇಕು. ಅದನ್ನು ಹೇಳದೆ ಇದನ್ನು ಹೇಳಿದರೆ ನನ್ನ ಹೊಟ್ಟೆಕಿಚ್ಚಿಗೆ ಬುಡವೇ ಸಿಗುವುದಿಲ್ಲ. ಹೊಟ್ಟೆಕಿಚ್ಚು ಅಂತಲೇ ಬರೆಯುತ್ತಿದ್ದೇನೆ. ಬೇಸರ, ನೋವು ಅಂತೆಲ್ಲ ಚಂದದ ಹೆಸರು ಇಟ್ಟು ನೋಡಿದೆ, ಒಪ್ಪಲಿಲ್ಲ.

ನಾನು ಪಾಣೆಮಂಗಳೂರಿನಲ್ಲಿ ಸೋದರಮಾವನ ಅಂಗಡಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುವವನು. ಸುಟ್ಟುಹೋದ ಪಂಪು, ಗ್ರೈಂಡರು ತರುತ್ತಾರೆ. ಒಳಗಿನ ಕರಕಲು ತಾಮ್ರದ ತಂತಿಯನ್ನು ಕಿತ್ತು, ಹೊಸ ತಂತಿ ಸುತ್ತಿ, ಪುನಃ ತಿರುಗುವ ಹಾಗೆ ಮಾಡಿ ಕೊಡುತ್ತೇವೆ. ಪಿಯುಸಿಯ ಮೇಲೆ ನಾನು ಎಲ್ಲಿಯೂ ಕಲಿತಿಲ್ಲ. ಮಾವನ ಬಲಗಣ್ಣಿಗೆ ಪೊರೆ ಬಂದ ವರ್ಷ ಅಂಗಡಿಗೆ ಒಬ್ಬರು ಬೇಕಾಯಿತು, ನಾನು ಬಂದು ಕೂತೆ. ಗಣಿತದಲ್ಲಿ ಎರಡು ಸಲ ಫೇಲಾದದ್ದೂ ಒಂದು ಕಾರಣ. ಅದನ್ನು ಊರಲ್ಲಿ ಹೇಳುವುದಿಲ್ಲ, ಇಲ್ಲಿ ಹೇಳಿದ್ದೇನೆ. ಉಳಿದದ್ದೆಲ್ಲ ಮೊಬೈಲಿನಲ್ಲಿ ನೋಡಿ ಕಲಿತದ್ದು, ಕೈ ಸುಟ್ಟುಕೊಂಡು ಕಲಿತದ್ದು, ಮಾವನಿಂದ ಬೈಸಿಕೊಂಡು ಕಲಿತದ್ದು.

ಮಾವ ಕಲಿತದ್ದು ಆ ಶೆಡ್ಡಿನಲ್ಲಿ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಒಂದು ಗುಡ್ಡ. ಹೆಸರು ಬರೆಯುವುದಿಲ್ಲ, ಕೇಳಬೇಡಿ. ಆ ಗುಡ್ಡದ ನೆತ್ತಿಯಲ್ಲಿ ಊರಿನ ಕೆಲವರು ಸೇರಿ ಒಂದು ತಾಂತ್ರಿಕ ಶಾಲೆ ಮಾಡಿದ್ದರು. ಶಾಲೆ ಅಂದರೆ ತಗಡಿನ ಮಾಡು, ಉದ್ದದ ಎರಡು ಬೆಂಚು, ಒಬ್ಬರೇ ಮಾಸ್ಟ್ರು. ಅರ್ಧ ದಿನ ಮರಗೆಲಸ, ಅರ್ಧ ದಿನ ವೈಂಡಿಂಗ್. ಮರ ಗುಡ್ಡದಲ್ಲಿಯೇ ಸಿಗುತ್ತಿತ್ತು. ಮೋಟಾರು ಎಲ್ಲಿಂದ ಸಿಗಬೇಕು? ಅದಕ್ಕೆ ಮಾಸ್ಟ್ರು ಒಂದು ಉಪಾಯ ಮಾಡಿದ್ದರಂತೆ. ಹುಡುಗರನ್ನೇ ಬಸ್ಸು ಹತ್ತಿಸಿ ಬೆಳ್ತಂಗಡಿ ಕಡೆಗೆ, ಪೊಳಲಿ ಕಡೆಗೆ ಕಳಿಸುವುದು. ಅವರು ಮನೆಮನೆಗೆ ಹೋಗಿ, ಸುಟ್ಟ ಪಂಪು ಇದ್ದರೆ ಕೊಡಿ, ಸರಿ ಮಾಡಿ ತಂದು ಕೊಡುತ್ತೇವೆ ಎಂದು ಕೇಳುವುದು. ಗೋಣಿಯಲ್ಲಿ ಕಟ್ಟಿ ಬಸ್ಸಿನ ಮೇಲೆ ಹಾಕಿ ತಂದ ಕೂಡಲೇ, ಯಾವುದು ಯಾರದ್ದೆಂದು ತಪ್ಪಿಹೋಗಬಾರದು ಎಂದು ಮೋಟಾರಿನ ಮೈಮೇಲೆ ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆಯುವುದು. ಆ ಶಾಲೆಯ ಮೊದಲ ಪಾಠ ಅದು. ಮಾವ ಸ್ಪ್ಯಾನರ್ ಹಿಡಿಯಲು ಕಲಿತದ್ದು ಊರಿನ ಹೆಸರು ಬರೆದ ಮೇಲೆ.

ಆಮೇಲೆ ಶಾಲೆ ಬೆಳೆಯಿತು. ಅದರ ಬೆಳವಣಿಗೆಯನ್ನು ನಾನು ಗೇಟಿನಲ್ಲಿ ಲೆಕ್ಕ ಹಾಕುವುದು. ಶೆಡ್ಡಿಗೆ ಗೇಟೇ ಇರಲಿಲ್ಲ, ದನಗಳು ಬಂದು ಮರದ ಹೊಟ್ಟಿನ ಮೇಲೆ ಮಲಗುತ್ತಿದ್ದವಂತೆ. ಐಟಿಐ ಆದಾಗ ನೆತ್ತಿಯಲ್ಲಿ ಒಂದು ಕಬ್ಬಿಣದ ಗೇಟು ಬಂತು. ಪಾಲಿಟೆಕ್ನಿಕ್ ಆದಾಗ ಗೇಟು ಗುಡ್ಡದ ಅರ್ಧಕ್ಕೆ, ಗೇರುಮರಗಳ ಹತ್ತಿರಕ್ಕೆ ಇಳಿಯಿತು. ಇಂಜಿನಿಯರಿಂಗ್ ಕಾಲೇಜಾದಾಗ ಇನ್ನೂ ಕೆಳಗೆ ಬಂದು ವಾಚ್‌ಮನ್ನಿಗೆ ಒಂದು ಗೂಡು ಆಯಿತು. ಈಗ ಯೂನಿವರ್ಸಿಟಿ. ಮುಖ್ಯರಸ್ತೆಗೇ ಕಮಾನು ಬಂದಿದೆ, ಬಸ್ಸಿನಿಂದ ಇಳಿದರೆ ಕಾಲು ಇಡುವುದೇ ಅದರ ನೆರಳಿಗೆ. ಕಂಡಕ್ಟರುಗಳು ಕೂಗುವುದೂ ಹಾಗೆಯೇ ಬದಲಾಗುತ್ತ ಬಂತು. ಒಬ್ಬರು ಹಳೆಯ ಕಂಡಕ್ಟರು ಮಾತ್ರ ಈಗಲೂ, “ಶೆಡ್ಡು ಯಾರುಂಟು, ಶೆಡ್ಡು?” ಎಂದು ಕೂಗುತ್ತಾರೆ. ಕುತ್ತಿಗೆಗೆ ಐಡಿ ಕಾರ್ಡು ಹಾಕಿದ ಹುಡುಗಿಯರು ಮುಖಮುಖ ನೋಡಿಕೊಳ್ಳುತ್ತಾರೆ. ಬಸ್ಸಿನಲ್ಲಿ ನಗುವವನು ನಾನೊಬ್ಬನೇ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಅದು ನನ್ನ ಹುಚ್ಚು. ಗುಜರಿಯಲ್ಲಿ ಸಿಕ್ಕಿದ ಹಳೆಯ ಪ್ರಾಸ್ಪೆಕ್ಟಸ್ ಇಟ್ಟುಕೊಂಡಿದ್ದೇನೆ. ನಾಲ್ಕೂ ಗೇಟುಗಳ ಜಾಗದ ಫೋಟೋ ತೆಗೆದಿದ್ದೇನೆ. ನೆತ್ತಿಯ ಗೇಟಿನ ಕಂಬ ಒಂದು ಈಗಲೂ ಕ್ಯಾಂಟೀನಿನ ಹಿಂದೆ ಇದೆ, ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾರೆ. ಶೆಡ್ಡಿಗೆ ಬೀಗ ಹಾಕಿರುತ್ತದೆ, ಕಿಟಕಿಯ ಸರಳಿಗೆ ಮೊಬೈಲು ತಾಗಿಸಿ ಒಳಗಿನ ಫೋಟೋ ತೆಗೆದಿದ್ದೇನೆ. ಬರೀ ಕತ್ತಲೆ ಬಂದಿದೆ. ಅವರ ಸಿಲೆಬಸ್ ಇಳಿಸಿಕೊಂಡು ಓದಿದ್ದೇನೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಬಿಡಿಸುತ್ತೇನೆ, ಉತ್ತರ ತಿದ್ದುವವರು ಯಾರೂ ಇಲ್ಲ, ನಾನೇ ತಿದ್ದುತ್ತೇನೆ. ಒಳ್ಳೆಯ ಮಾರ್ಕು ಕೊಡುತ್ತೇನೆ.

ಇನ್ನು ನನ್ನ ಗೆಳೆಯ. ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚು. ಅವನ ಮನೆಯವರದ್ದು ಪಾಣೆಮಂಗಳೂರು ಪೇಟೆಯಲ್ಲಿ ಚಪ್ಪಲಿ ಅಂಗಡಿ, ನಮ್ಮಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಮನೆಯಲ್ಲಿ ಬ್ಯಾರಿ ಮಾತಾಡುತ್ತಾನೆ, ನನ್ನ ಜೊತೆ ತುಳು. ನಮ್ಮ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಅಂಗಡಿಗೆ ಬಂದ ವರ್ಷವೇ ಅವನು ಆ ಗುಡ್ಡ ಹತ್ತಿದ. ಸೇರುವಾಗ ಕಮಾನೂ ಇರಲಿಲ್ಲ, ಎಂತದೂ ಇರಲಿಲ್ಲ, ಅದು ಬರೀ ಕಾಲೇಜು. ಮುಗಿಸುವಾಗ ಯೂನಿವರ್ಸಿಟಿ. ಆರ್ಡಿನರಿ ಬಸ್ಸಿಗೆ ಟಿಕೆಟು ತೆಗೆದು ಕೂತವನು ಕೂತಲ್ಲೇ ಇದ್ದು ಎಸಿ ಬಸ್ಸಿನಿಂದ ಇಳಿದ ಹಾಗೆ. ಅವನೇನು ಮಾಡಿದ? ಏನೂ ಮಾಡಲಿಲ್ಲ. ಅವನು ನಿದ್ರೆ ಮಾಡುವಾಗ ಬಸ್ಸು ಬದಲಾಯಿತು.

ನನಗೆ ಅವನ ಮೇಲೆ ಇದ್ದದ್ದು ಒಂದು ದೊಡ್ಡ ಹೊಟ್ಟೆಕಿಚ್ಚಲ್ಲ, ನೂರು ಚಿಲ್ಲರೆ ಹೊಟ್ಟೆಕಿಚ್ಚು. ಅವನ ಐಡಿ ಕಾರ್ಡಿನ ನೀಲಿ ಪಟ್ಟಿ. “ನಮ್ಮ ಲ್ಯಾಬಿನಲ್ಲಿ” ಎಂದು ಅವನು ಶುರು ಮಾಡುವ ರೀತಿ. ಅವರಲ್ಲಿ ತಂತಿ ಸುತ್ತುವ ಮೆಷಿನು ಇದೆ, ಎಷ್ಟು ಸುತ್ತಾಯಿತೆಂದು ಅದೇ ಹೇಳುತ್ತದೆ. ನಾನು ಬಾಯಲ್ಲಿ ಲೆಕ್ಕ ಹಾಕುವವನು. ಎಪ್ಪತ್ತಾರು, ಎಪ್ಪತ್ತೇಳು ಎನ್ನುವಾಗ ಯಾರಾದರೂ ಬಂದು, “ನಮ್ಮದು ಆಯ್ತಾ?” ಎಂದು ಕೇಳಿದರೆ ಲೆಕ್ಕ ಹೋಯಿತು, ಬಿಚ್ಚಿ ಪುನಃ ಒಂದರಿಂದ.

ಒಂದು ದಿನ ಅವನು ಅಂಗಡಿಯ ಸ್ಟೂಲಿನಲ್ಲಿ ಕೂತು ಹೇಳಿದ, “ನಿನ್ನ ಆ ಶೆಡ್ಡು ಉಂಟಲ್ಲ, ಅದರೊಳಗೆ ಈಗ ಎಂತ ಉಂಟು ಗೊತ್ತುಂಟಾ? ಮುರಿದ ಬೆಂಚುಗಳು. ಸ್ಕ್ರ್ಯಾಪ್ ರೂಮ್.”

“ಮರ್ಯಾದೆಯಲ್ಲಿ ಮಾತಾಡು. ಅದು ನಿಮ್ಮ ಯೂನಿವರ್ಸಿಟಿಯ ತಾಯಿ.”

“ತಾಯಿ ಐಟಿಐ ಮಾರಾಯ. ಇದು ಅಜ್ಜಿ.”

ಒಳಗೆ ವಾರ್ನಿಷ್ ಹಚ್ಚುತ್ತಿದ್ದ ಮಾವ ಅಲ್ಲಿಂದಲೇ, “ಅಜ್ಜಿಯ ಗಂಡ ಇಲ್ಲಿ ಕೂತಿದ್ದೇನೆ, ಜಾಗ್ರತೆ!” ಎಂದರು. ಅವನು ನಕ್ಕ, ನಾನು ನಗಲಿಲ್ಲ. ಶೆಡ್ಡಿನ ಒಳಗೆ ಇರುವುದೇನೆಂದು ನನಗಿಂತ ಮೊದಲು ಅವನಿಗೆ ಗೊತ್ತಾಗಿತ್ತು, ನನ್ನ ನೂರು ಚಿಲ್ಲರೆಗೆ ಇನ್ನೊಂದು ಸೇರಿತು.

ಅವನೇ ಆ ಸುದ್ದಿ ತಂದದ್ದು.

“ವೈಂಡಿಂಗ್ ಲ್ಯಾಬಿಗೆ ಒಬ್ಬ ಅಸಿಸ್ಟೆಂಟ್ ಬೇಕಂತೆ. ಸರ್ಟಿಫಿಕೇಟು ಇಲ್ಲದಿದ್ರೂ ಅಡ್ಡಿಯಿಲ್ಲ, ಕೆಲಸ ಗೊತ್ತಿದ್ರೆ ಆಯ್ತಂತೆ. ಮೋಟಾರು ಕೊಡ್ತಾರೆ, ಸುತ್ತಿ ಓಡಿಸಿ ತೋರಿಸ್ಬೇಕು. ನೀನು ಹಾಕು.”

ಆ ರಾತ್ರಿ ಹಳೆಯ ಪ್ರಾಸ್ಪೆಕ್ಟಸ್ ತೆಗೆದು ಪುನಃ ಓದಿದೆ. ಸರ್ಟಿಫಿಕೇಟು ಇಲ್ಲದೆ ಆ ಕಮಾನಿನ ಒಳಗೆ ಹೋಗುವ ಬಾಗಿಲು ಇದೊಂದೇ. ಸಂದರ್ಶಕನಾಗಿ ಅಲ್ಲ, ಕ್ಯಾಂಟೀನಿನ ಹಿಂದೆ ಕಂಬ ಹುಡುಕುವವನಾಗಿ ಅಲ್ಲ, ಅಲ್ಲಿಯವನಾಗಿ. ನೀಲಿ ಪಟ್ಟಿ ಹಾಕಿಕೊಂಡು. ನಾನು ಬೇರೆ ಯಾವುದಕ್ಕೂ ಅಷ್ಟು ಆಸೆಪಟ್ಟವನಲ್ಲ. ಮಾವನ ಹತ್ತಿರ ಹೆದರಿ ಹೆದರಿ ಕೇಳಿದೆ. ಅವರು ತಂತಿಯ ತುದಿ ಕೆರೆಯುವುದನ್ನು ನಿಲ್ಲಿಸಲೇ ಇಲ್ಲ. “ಹೋಗು. ನನ್ನ ಕಣ್ಣು ಈಗ ಸರಿ ಉಂಟು. ಅಲ್ಲಿ ಸಿಕ್ಕಿದ್ರೆ ನನಗೂ ಒಂದು ಸಲ ಆ ಶೆಡ್ಡು ತೋರಿಸು” ಎಂದರು, ಅಷ್ಟೇ.

ಪರೀಕ್ಷೆಯ ದಿನ ಬೆಳಿಗ್ಗೆ ಸಿದ್ದಕಟ್ಟೆಯ ದಾರಿಯಾಗಿ ಹೋಗುವ ಬಸ್ಸು ಹಿಡಿದೆ. ಆ ಹಳೆಯ ಕಂಡಕ್ಟರೇ ಸಿಕ್ಕಿದರು. “ಶೆಡ್ಡು” ಎಂದು ಕೂಗಿದಾಗ ನಾನು ಗತ್ತಿನಲ್ಲಿ ಎದ್ದೆ. ಲ್ಯಾಬಿನ ಎದುರು ನಾಲ್ಕು ಜನ ಸಾಲಾಗಿ ಬೆಂಚಿನಲ್ಲಿ ಕೂತಿದ್ದರು. ಕೊನೆಯವನು ನನ್ನ ಗೆಳೆಯ.

ನನಗೆ ಧೈರ್ಯ ಹೇಳಲು ಬಂದಿದ್ದಾನೆ ಎಂದುಕೊಂಡೆ. ಅವನ ಕೈಯಲ್ಲೂ ನನ್ನ ಕೈಯಲ್ಲಿದ್ದಂಥದ್ದೇ ಅರ್ಜಿಯ ಪ್ರತಿ ಇತ್ತು.

“ನೀನೂ ಹಾಕಿದ್ದೀಯಾ?”

“ಹೂಂ. ಹೇಳುವ ಅಂತ ಇದ್ದೆ.”

“ಯಾವಾಗ? ರಿಸಲ್ಟ್ ಬಂದ ಮೇಲಾ?”

ಅವನು ಪಕ್ಕದವರು ಕೇಳದ ಹಾಗೆ ತಗ್ಗಿಸಿ ಹೇಳಿದ, “ಮನೆಯಲ್ಲಿ ಗಲ್ಫಿಗೆ ಹೋಗು ಹೋಗು ಅಂತ ಕೂತಿದ್ದಾರೆ ಮಾರಾಯ. ವೀಸಾ ಕೂಡ ನೋಡಿ ಆಗಿದೆ. ಇಲ್ಲಿ ಆದ್ರೆ ಹೋಗ್ಬೇಕಂತ ಇಲ್ಲ. ನಿನಗೆ ಹೇಳದೆ ಹಾಕ್ಬಹುದಿತ್ತು, ನಿನಗೂ ಹೇಳಿದ್ದೇನಲ್ಲ.”

ಆ ಮಾತು ನಿಜ. ಅವನು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆದರೂ ನಾನು ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತೆ.

ಐದು ಜನರಿಗೂ ಒಂದೇ ಬಗೆಯ ಅರ್ಧ ಎಚ್‌ಪಿ ಮೋಟಾರು. ಮೊದಲ ದಿನ ಬಿಚ್ಚಿ, ಲೆಕ್ಕ ಬರೆದುಕೊಂಡು, ಸುತ್ತಿ, ವಾರ್ನಿಷ್ ಹಾಕಿ ಒಣಗಲು ಇಡುವುದು. ಮರುದಿನ ಅರ್ಧ ಗಂಟೆ ಓಡಿಸುವುದು. ಲ್ಯಾಬಿನ ಮುಖ್ಯಸ್ಥೆ ಒಬ್ಬರು ಮೇಡಂ, ಸೀರೆಯ ಮೇಲೆ ಕಾಕಿ ಏಪ್ರನ್ ಹಾಕಿದ್ದರು. ಅವರು ನಮ್ಮ ಬೆನ್ನ ಹಿಂದೆ ಸುಮ್ಮನೆ ಆಚೆ ಈಚೆ ನಡೆಯುತ್ತಿದ್ದರು. ಮೆಷಿನು ಬೇಕಾದವರು ಮೆಷಿನು, ಬೇಡದವರು ಕೈ. ನಾನು ತಂತಿ ಸುತ್ತುವ ಮರದ ಅಚ್ಚನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿದ್ದೆ.

ಈಗ ನಮ್ಮ ಅಂಗಡಿಯ ಒಂದು ಕ್ರಮವನ್ನು ಹೇಳಬೇಕು. ಯಾರು ಪಂಪು ತಂದು ಕೆಳಗಿಟ್ಟರೂ ಮಾವ ಮೊದಲು ಕೇಳುವುದು, “ಯಾವ ಊರಿನ ಮೋಟಾರು?” ಶೆಡ್ಡಿನ ಸೀಮೆಸುಣ್ಣದ ಅಭ್ಯಾಸ ಅದು. ಆದರೆ ವಿಳಾಸಕ್ಕಾಗಿ ಮಾತ್ರ ಕೇಳುವುದಲ್ಲ. ಪೇಟೆಯ ಮೋಟಾರಾದರೆ ಹಳೆಯ ಕಾಯಿಲಿನಲ್ಲಿ, ಅಂದರೆ ತಂತಿಯ ಸುರುಳಿಯಲ್ಲಿ, ಎಷ್ಟು ಸುತ್ತಿತ್ತೋ ಅಷ್ಟೇ ಹಾಕುತ್ತೇವೆ. ಘಟ್ಟದ ಬುಡದ ಕಕ್ಕಿಂಜೆ, ಚಾರ್ಮಾಡಿ ಕಡೆಯದ್ದಾದರೆ ನೂರಿದ್ದಲ್ಲಿ ತೊಂಬತ್ತು. ಲೈನಿನ ತುದಿಯ ಮನೆಗಳಲ್ಲಿ ಸಂಜೆ ಎಲ್ಲರೂ ಪಂಪು ಹಾಕಿದಾಗ ಇನ್ನೂರ ಮೂವತ್ತು ಇರಬೇಕಾದ ವೋಲ್ಟೇಜು ನೂರ ಎಪ್ಪತ್ತಕ್ಕೆ ಇಳಿದುಬಿಡುತ್ತದೆ. ಪೂರ್ತಿ ಸುತ್ತಿನ ಮೋಟಾರಿಗೆ ಆಗ ಏಳುವ ಬಲವೇ ಇರುವುದಿಲ್ಲ, ಗುಂಯ್ ಎನ್ನುತ್ತ ನಿಂತಲ್ಲೇ ಸುಡುತ್ತದೆ. ಸುತ್ತು ಕಡಿಮೆ ಮಾಡಿದರೆ ಅಷ್ಟು ಕರೆಂಟಿನಲ್ಲೂ ಎದ್ದು ತಿರುಗುತ್ತದೆ. ನಮಗೆ ಬರುವ ಸುಟ್ಟ ಮೋಟಾರುಗಳಲ್ಲಿ ಹೆಚ್ಚಿನವು ಆ ಕಡೆಯವೇ. ನನ್ನ ಕೈಗೆ ತೊಂಬತ್ತು ಅಂಟಿಕೊಂಡಿತ್ತು.

ಲ್ಯಾಬಿನಲ್ಲಿ ಹಳೆಯ ಕಾಯಿಲು ಎಣಿಸಿದೆ. ನೂರು. ಕಾಗದದಲ್ಲಿ ನೂರು ಎಂದೇ ಬರೆದೆ. ಅಚ್ಚಿಗೆ ತಂತಿ ಸುತ್ತಲು ಶುರು ಮಾಡಿದೆ, ತೊಂಬತ್ತಕ್ಕೆ ಕೈ ನಿಂತಿತು. ಗೊತ್ತಿಲ್ಲದೆ ನಿಂತದ್ದಲ್ಲ. ತೊಂಬತ್ತು ಎನ್ನುವಾಗ ಮನಸ್ಸಿಗೆ ಒಂದು ಕೊಬ್ಬೂ ಇತ್ತು. ಮೆಷಿನಿನಲ್ಲಿ ಸುತ್ತುವ ಈ ಪುಸ್ತಕದ ಹುಳಗಳಿಗೆ ಈ ಹತ್ತು ಸುತ್ತಿನ ಗುಟ್ಟು ಎಲ್ಲಿ ಗೊತ್ತಿದೆ, ಮೇಡಂ ಕೇಳಲಿ, ಹೇಳುತ್ತೇನೆ ಎಂದುಕೊಂಡೆ. ಮೇಡಂ ಕೇಳಲಿಲ್ಲ.

ಆಚೆ ಬೆಂಚಿನಲ್ಲಿ ನನ್ನ ಗೆಳೆಯ ಒದ್ದಾಡುತ್ತಿದ್ದ. ಮೆಷಿನು ನೂರು ಸುತ್ತಿ ಕೊಟ್ಟಿತು, ಆದರೆ ಅದನ್ನು ಕಬ್ಬಿಣದ ಸಂದಿನೊಳಗೆ ಕೂರಿಸುವುದು ಕೈಯೇ ತಾನೆ. ಅವನ ಕಾಯಿಲು ಹಾಸಿಗೆಯಿಂದ ಎದ್ದವರ ಕೂದಲಿನ ಹಾಗೆ ಕೆದರಿತ್ತು. ಬೆರಳಿನಲ್ಲಿ ರಕ್ತ. “ಒಂದು ಬಟ್ಟೆ ತುಂಡು ಉಂಟಾ?” ಎಂದು ಕೇಳಿದ. ಕೊಟ್ಟೆ. ಕೊಡುವಾಗ ಅವನ ಮೋಟಾರಿನ ಒಳಗೆ ಇಣುಕಿ ನೋಡಿದೆ, ಆ ರಾತ್ರಿ ನನಗೆ ಒಳ್ಳೆಯ ನಿದ್ರೆ ಬರುವಷ್ಟು ಕೆಟ್ಟದಾಗಿತ್ತು. ನನ್ನದನ್ನು ನೋಡಲು ಉಳಿದ ಮೂವರೂ ಎದ್ದು ಬಂದಿದ್ದರು. ಒಬ್ಬ, “ಅಣ್ಣ, ಎಲ್ಲಿ ಕಲಿತದ್ದು?” ಎಂದು ಕೇಳಿದ. “ಇಲ್ಲೇ” ಎಂದೆ. ಸುಳ್ಳಲ್ಲ, ಮಾವ ಕಲಿತದ್ದು ಇಲ್ಲೇ.

ಮರುದಿನ ಓಡಿಸುವುದು. ಗೆಳೆಯನ ಸರದಿ ಮೊದಲು. ಸ್ವಿಚ್ಚು ಹಾಕಿದರು. ಆ ಕೆದರಿದ ಕೂದಲಿನ ಮೋಟಾರು ಬೆಕ್ಕು ನಡೆದ ಹಾಗೆ ಸದ್ದಿಲ್ಲದೆ ಓಡಿತು. ಅರ್ಧ ಗಂಟೆ. ಮೇಡಂ ಕೈ ಇಟ್ಟು ನೋಡಿ, ಹೂಂ ಎಂದರು.

ನನ್ನದಕ್ಕೆ ಸ್ವಿಚ್ಚು ಹಾಕಿದಾಗ ಎದ್ದ ರಭಸ ನೋಡಿ ನನಗೆ ಹೆಮ್ಮೆಯಾಯಿತು. ಆಮೇಲೆ ಸದ್ದು ಕೇಳಿತು. ದಪ್ಪ ದುಂಬಿ ಪೆಟ್ಟಿಗೆಯೊಳಗೆ ಸಿಕ್ಕಿದ ಹಾಗೆ. ಐದು ನಿಮಿಷಕ್ಕೆ ಮೇಡಂ ಕರೆಂಟಿನ ಮೀಟರು ನೋಡಿ ಕನ್ನಡಕ ಸರಿಮಾಡಿಕೊಂಡರು. ಹತ್ತು ನಿಮಿಷಕ್ಕೆ ವಾರ್ನಿಷಿನ ವಾಸನೆ ಬಂತು. ಹದಿನೆಂಟು ನಿಮಿಷಕ್ಕೆ ಅವರು ಮೋಟಾರಿನ ಬೆನ್ನಿಗೆ ಅಂಗೈ ಇಟ್ಟು ಥಟ್ಟನೆ ತೆಗೆದು, ತಾವೇ ಸ್ವಿಚ್ಚು ಆರಿಸಿದರು.

“ಎಷ್ಟು ಸುತ್ತು ಹಾಕಿದ್ದೀರಿ?”

“ತೊಂಬತ್ತು.”

“ಬಿಚ್ಚುವಾಗ ಎಷ್ಟಿತ್ತು?”

“ನೂರು.”

“ಹತ್ತು ಎಲ್ಲಿಗೆ ಹೋಯ್ತು?”

“ಹೋದದ್ದಲ್ಲ ಮೇಡಂ, ಬೇಕಂತಲೇ ಬಿಟ್ಟದ್ದು. ಸಂಜೆ ಹೊತ್ತಿಗೆ ವೋಲ್ಟೇಜು ಬರುದಿಲ್ಲಲ್ಲ, ಆಗ ಮೋಟಾರು...”

“ಯಾರಿಗೆ ಬರುದಿಲ್ಲ?”

ಅವರು ಗೋಡೆ ತೋರಿಸಿದರು. ಅಲ್ಲಿ ಒಂದು ಮೀಟರು ಇತ್ತು, ಎರಡು ದಿನದಿಂದ ನನ್ನ ತಲೆಯ ಮೇಲೆಯೇ ಇತ್ತು. ಕೆಂಪು ಅಂಕಿಯಲ್ಲಿ ಇನ್ನೂರ ಮೂವತ್ತು. ನಾನು ನೋಡುತ್ತ ನಿಂತೆ. ಇನ್ನೂರ ಇಪ್ಪತ್ತೊಂಬತ್ತೂ ಆಗಲಿಲ್ಲ, ಮೂವತ್ತೊಂದೂ ಆಗಲಿಲ್ಲ. ಯೂನಿವರ್ಸಿಟಿಗೆ ಸ್ವಂತ ಟ್ರಾನ್ಸ್‌ಫಾರ್ಮರು, ಅದರ ಮೇಲೆ ಸ್ಟೆಬಿಲೈಸರು. ಬಡವರ ವೋಲ್ಟೇಜಿಗೆ ಕಟ್ಟಿದ ಮೋಟಾರಿಗೆ ಪೂರ್ತಿ ಕರೆಂಟು ಕೊಟ್ಟರೆ ಅದು ಉಬ್ಬಿ ಬಿಸಿಯಾಗದೆ ಇನ್ನೇನು ಮಾಡುತ್ತದೆ? ಇದು ನನಗೆ ಗೊತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಬಂದಿದ್ದರೆ ಐದಕ್ಕೆ ಐದು ಮಾರ್ಕು ಕೊಟ್ಟುಕೊಳ್ಳುತ್ತಿದ್ದೆ.

ಯಾರೋ ಹಿಂದಿನಿಂದ ಕಿಸಕ್ ಎಂದರು. ಗೆಳೆಯನಲ್ಲ, ಅವನ ಮುಖ ನೋಡಿದೆ, ಅವನು ನೆಲ ನೋಡುತ್ತಿದ್ದ. ಅವನು ನಕ್ಕಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮೇಡಂ ಕೆಟ್ಟವರಲ್ಲ. “ಇಷ್ಟು ನೀಟಾಗಿ ಕಾಯಿಲ್ ಕೂರಿಸುವವರನ್ನು ನಾನು ನೋಡ್ಲಿಲ್ಲ. ಆದ್ರೆ ಮೋಟಾರು ಓಡ್ಬೇಕಲ್ವಾ?” ಎಂದರು. ಕಾಗದದಲ್ಲಿ ಏನೋ ಬರೆದರು, ಚಿಕ್ಕದಾಗಿ.

ಹೊರಗೆ ಗೆಳೆಯ ಕಾಯುತ್ತಿದ್ದ. “ಬಾ, ಒಂದು ಲೈಮ್ ಕುಡಿಯುವ.”

“ನೀನು ಕುಡಿ. ನಿಮ್ಮ ಕ್ಯಾಂಟೀನ್ ಅಲ್ವಾ?”

ಇನ್ನೂ ರಿಸಲ್ಟ್ ಬಂದಿರಲಿಲ್ಲ. ಆದರೂ ಹಾಗೆ ಹೇಳಿದೆ. ಅವನಿಗಿಂತ ಮೊದಲಿನ ಬಸ್ಸಿಗೆ ಓಡಿ ಹತ್ತಿ, ಸೀಟಿದ್ದರೂ ಬಾಗಿಲಲ್ಲೇ ನಿಂತು ಬಂದೆ.

ಅಂಗಡಿಗೆ ಬಂದು ಹೇಳಿದಾಗ ಮಾವ ಕೆಮ್ಮು ಬರುವವರೆಗೆ ನಕ್ಕರು. “ಯಾವ ಊರಿನ ಮೋಟಾರು ಅಂತ ಕೇಳ್ಲಿಲ್ವಾ ನೀನು?”

“ಅದು ಯೂನಿವರ್ಸಿಟಿಯ ಮೋಟಾರು. ಅದಕ್ಕೆ ಊರು ಎಲ್ಲಿಂದ?”

“ಯೂನಿವರ್ಸಿಟಿ ಎಂತ ಆಕಾಶದಲ್ಲಿ ಉಂಟಾ? ಅದೂ ಒಂದು ಊರೇ. ಅಲ್ಲಿಯ ಕರೆಂಟು ನೋಡಿ ಸುತ್ತಬೇಕು.” ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡರು. “ನಮ್ಮ ಕಾಲದಲ್ಲಿ ಅಲ್ಲಿಯೇ ಸಂಜೆ ಕರೆಂಟು ಸತ್ತು ಹೋಗ್ತಿತ್ತು. ತೊಂಬತ್ತು ಹಾಕ್ಲಿಕ್ಕೆ ಮಾಸ್ಟ್ರು ನಮಗೆ ಹೇಳಿಕೊಟ್ಟದ್ದೇ ಆ ಶೆಡ್ಡಿನಲ್ಲಿ.”

ಆ ಮಾತು ಕೇಳಿದ ಮೇಲೆ ನನ್ನ ಹೊಟ್ಟೆಕಿಚ್ಚು ದಾರಿ ಬದಲಿಸಿತು. ಅಲ್ಲಿಯವರೆಗೆ ಅದು ಗೆಳೆಯನ ಮೇಲೆ ಮಾತ್ರ ಇತ್ತು. ಈಗ ಆ ಗುಡ್ಡದ ಮೇಲೆಯೇ ಬಂತು. ಅವರಿಗೆ ಕಟ್ಟಡ ಬಂತು, ಕಮಾನು ಬಂತು, ಹೆಸರು ಬಂತು, ಇರಲಿ. ಕರೆಂಟೂ ಪೂರ್ತಿ ಬರಬೇಕೇ? ನಾವು ಇನ್ನೂ ಅವರು ಬಿಟ್ಟುಹೋದ ವೋಲ್ಟೇಜಿನಲ್ಲಿಯೇ ಇದ್ದೇವೆ. ಅವರು ಕಲಿಸಿದ್ದನ್ನೇ ಅವರಿಗೆ ಮಾಡಿ ತೋರಿಸಿದೆ, ಅವರು ತಪ್ಪೆಂದರು. ತಪ್ಪೇ ಹೌದು ಎನ್ನುವುದು ಇನ್ನೂ ಉರಿಯುವ ಸಂಗತಿ.

ಕೆಲಸ ಗೆಳೆಯನಿಗೆ ಆಯಿತು. ಅವನ ಮನೆಯಿಂದ ಸ್ವೀಟು ಬಂತು. ನಾನು ತಿನ್ನಲಿಲ್ಲ, ಮಾವ ಎರಡು ತಿಂದರು.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಅಂಗಡಿಗೆ ಬಂದ. ನೀಲಿ ಪಟ್ಟಿ ಕಿಸೆಯೊಳಗೆ ತುರುಕಿದ್ದ. ಸ್ಟೂಲಿನಲ್ಲಿ ಕೂರಲಿಲ್ಲ.

“ಕಕ್ಕಿಂಜೆ ಹತ್ತಿರ ನಮ್ಮ ಲ್ಯಾಬಿನ ಮಕ್ಕಳ ಕ್ಯಾಂಪ್ ಆಯ್ತು. ಊರಿನವರ ಸುಟ್ಟ ಪಂಪು ಸರಿ ಮಾಡಿ ಕೊಡುದು ಅಂತ. ಮೂರು ಪಂಪು ಸುತ್ತಿ ಕೊಟ್ಟೆವು. ಸರಿಯಾಗಿ, ನೂರಕ್ಕೆ ನೂರು.”

“ಆಮೇಲೆ?”

“ಮೂರೂ ಸುಟ್ಟವು.”

“ಎಷ್ಟು?”

“ಮೂರೂ.”

ನನಗೆ ಮೊದಲ ಸಲವೇ ಕೇಳಿತ್ತು. ಪುನಃ ಕೇಳಲಿಕ್ಕೆ ಬೇಕು ಎಂದು ಕೇಳಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಎರಡನೆಯ ‘ಮೂರೂ’ ಕೇಳಿದಾಗ ಆದ ಸಂತೋಷ ನನಗೆ ಬೇರೆ ಯಾವುದರಿಂದಲೂ ಆದದ್ದಿಲ್ಲ. ಮುಖದಲ್ಲಿ ತೋರದಿರಲಿ ಎಂದು ಬಗ್ಗಿ ತಂತಿಯ ತುಂಡು ಹೆಕ್ಕಿದೆ.

“ಊರಿನವರು ಫೋನ್ ಮಾಡಿ ಬೈದು ಬೈದು ಇಟ್ರು. ಆಗ ಮೇಡಂ ನಿನ್ನನ್ನು ನೆನಪು ಮಾಡಿದ್ರು. ‘ಆ ಹತ್ತು ಸುತ್ತು ಬಿಟ್ಟವರನ್ನು ಕರ್ಕೊಂಡು ಬನ್ನಿ’ ಅಂತ ಹೇಳಿದ್ರು. ನೀನು ಒಂದು ದಿನ ಬಂದು ಮಕ್ಕಳಿಗೆ ತೋರಿಸು.”

“ಬರುದು ಎಂತ ಆಗಿ?”

“ಎಂತ ಆಗಿ ಅಂದ್ರೆ? ಅತಿಥಿ.”

“ಅತಿಥಿಗೆ ಚಾ ಕೊಡ್ತಾರೆ, ಐಡಿ ಕಾರ್ಡು ಕೊಡುದಿಲ್ಲಲ್ವಾ?”

“ಎಂಥ ಜನ ಮಾರಾಯ ನೀನು! ನಾನು ನಿನ್ನ ಕಾಲು ಹಿಡೀಬೇಕಾ ಈಗ?”

“ಬೇಡ. ಅಂಗಡಿಯಲ್ಲಿ ಕೆಲಸ ಉಂಟು.”

ಅಂಗಡಿಯಲ್ಲಿ ಆ ದಿನ ಇದ್ದದ್ದು ಒಂದು ಮಿಕ್ಸಿ. ಅದೂ ಸರಿಯಾಗಿತ್ತು.

ಅವನು ಹೊರಟ. ಆಗ ಒಳಗಿನಿಂದ ಮಾವ ಕೈ ಒರೆಸಿಕೊಳ್ಳುತ್ತ ಬಂದರು. “ನಿಲ್ಲು. ನಾನು ಬರ್ತೇನೆ. ಯಾವ ದಿನ?”

ಮಾವ ಹೋದರು. ಮದುವೆಗೆ ಹಾಕುವ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು, ನನ್ನದೇ ಮರದ ಅಚ್ಚನ್ನು ಚೀಲದಲ್ಲಿ ಹಾಕಿಕೊಂಡು ಹೋದರು. ಗೆಳೆಯ ಬೈಕಿನಲ್ಲಿ ಕರೆದುಕೊಂಡು ಹೋಗಿ, ಸಂಜೆ ಬೈಕಿನಲ್ಲೇ ತಂದು ಬಿಟ್ಟ. ನನ್ನ ಹತ್ತಿರ ಮಾತಾಡದೆ ಕೈ ಎತ್ತಿ ಹೋದ. ಮಾವ ಸ್ಟೂಲಿನಲ್ಲಿ ಕೂತು ಚಪ್ಪಲಿಯನ್ನೂ ಬಿಚ್ಚದೆ ಶುರು ಮಾಡಿದರು. ಮಕ್ಕಳೆಲ್ಲ ಸುತ್ತಲೂ ನಿಂತಿದ್ದರಂತೆ, ಹಿಂದಿನವರು ಬೆಂಚು ಹತ್ತಿದ್ದರಂತೆ. ವೋಲ್ಟೇಜನ್ನು ನೂರ ಎಪ್ಪತ್ತಕ್ಕೆ ಇಳಿಸುವ ಒಂದು ಪೆಟ್ಟಿಗೆ ತಂದಿಟ್ಟು, ನೂರರ ಮೋಟಾರು, ತೊಂಬತ್ತರ ಮೋಟಾರು ಎರಡನ್ನೂ ಓಡಿಸಿದರಂತೆ. ನೂರರದ್ದು ಗುಂಯ್ ಎಂದು ನಿಂತಿತಂತೆ. ತೊಂಬತ್ತರದ್ದು ಎದ್ದು ತಿರುಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರಂತೆ. ಒಬ್ಬ ಹುಡುಗಿ, “ಸರ್, ಇದು ಯಾವ ಪುಸ್ತಕದಲ್ಲಿ ಉಂಟು?” ಎಂದು ಕೇಳಿದಳಂತೆ.

“ಸರ್ ಅಂತ ಹೇಳಿದಳಾ?”

“ಹೂಂ. ನನ್ನನ್ನೇ.”

ಆಮೇಲೆ ಗೆಳೆಯ ಬೀಗದ ಕೈ ತಂದು ಶೆಡ್ಡಿನ ಬಾಗಿಲು ತೆಗೆದನಂತೆ. ಮಾವ ಮುರಿದ ಬೆಂಚುಗಳ ನಡುವೆ ನುಗ್ಗಿ ಹೋಗಿ, ತಾವು ಕೂರುತ್ತಿದ್ದ ಜಾಗವನ್ನು ಅವರಿಗೆಲ್ಲ ತೋರಿಸಿದರಂತೆ. ಗೋಡೆಯಲ್ಲಿ ಅಂಗಿ ನೇತುಹಾಕುವ ಮೊಳೆಗಳು ಈಗಲೂ ಇವೆಯಂತೆ, ಇಂಥ ಮೊಳೆ ತನ್ನದ್ದು ಎಂದು ಗುರುತು ಹಿಡಿದರಂತೆ. ಮೇಡಂ ಅದರ ಫೋಟೋ ತೆಗೆದರಂತೆ.

ಕಿಟಕಿಯ ಸರಳಿಗೆ ಮೊಬೈಲು ತಾಗಿಸಿ ಕತ್ತಲೆಯ ಫೋಟೋ ತೆಗೆದವನು ನಾನು. ಸ್ವಂತ ಮಾವನ ಮೇಲೆ, ನನಗೆ ಅನ್ನ ಕೊಟ್ಟು ಕೆಲಸ ಕಲಿಸಿದವರ ಮೇಲೆ, ಬಿಳಿ ಅಂಗಿಯಲ್ಲಿ ಮಗುವಿನ ಹಾಗೆ ಹೊಳೆಯುತ್ತಿದ್ದ ಆ ಮುಖದ ಮೇಲೆ ಹೊಟ್ಟೆಕಿಚ್ಚು ಬಂತು. ಬರಬಾರದಿತ್ತು. ಬಂತು.

“ಮೇಡಂ ಕೇಳಿದ್ರು, ನೀನು ಯಾಕೆ ಬರ್ಲಿಲ್ಲ ಅಂತ” ಎಂದರು ಮಾವ ಚಪ್ಪಲಿ ಬಿಚ್ಚುತ್ತ. “ಅಂಗಡಿಯಲ್ಲಿ ತುಂಬ ಕೆಲಸ ಅಂತ ಹೇಳಿಬಿಟ್ಟೆ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆ ನೀನು.”

ಮರುದಿನ ಗೆಳೆಯನ ಮೆಸೇಜು ಬಂತು. “ತಿಂಗಳ ಕೊನೆಯ ಶನಿವಾರ ಇನ್ನೊಂದು ಬ್ಯಾಚು ಉಂಟು. ಮಾವನಿಗೆ ಅಷ್ಟು ಹೊತ್ತು ನಿಲ್ಲಲಿಕ್ಕೆ ಕಷ್ಟ. ನೀನು ಬರ್ತೀಯಾ?” ಅಷ್ಟೇ. ಇವತ್ತಿಗೆ ಹನ್ನೊಂದು ದಿನ ಆಯಿತು. ನಾನು ಓದಿದ್ದೇನೆ ಎಂದು ಅವನಿಗೆ ಕಾಣುತ್ತದೆ. ಬರ್ತೇನೆ ಎಂದು ಬರೆದು ಅಳಿಸಿದ್ದೇನೆ. ಮೊದಲು ಸಾರಿ ಎಂದು ಬರೆಯಬೇಕಾ, ಅಥವಾ ಏನೂ ಆಗದವನ ಹಾಗೆ ಎಷ್ಟು ಗಂಟೆಗೆ ಎಂದು ಕೇಳಬೇಕಾ, ಗೊತ್ತಾಗುವುದಿಲ್ಲ. ಮೂರು ಪಂಪು ಸುಟ್ಟಾಗ ನಾನು ಖುಷಿಪಟ್ಟದ್ದನ್ನು ಹೇಳಬೇಕಾ? ಅದು ಅವನಿಗೆ ಆ ದಿನವೇ ಗೊತ್ತಾಗಿರಬಹುದು. ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವನಿಗೆ ನನ್ನ ಮುಖ ಓದಲಿಕ್ಕೆ ಬರುತ್ತದೆ.

ಇದನ್ನು ಇಲ್ಲಿಯವರೆಗೆ ಓದಿದ್ದೀರಿ ಎಂದರೆ ನಿಮಗೂ ಇಂಥದ್ದೊಂದು ಆಗಿರಬೇಕು. ನಿಮ್ಮ ಜೊತೆಯವರು ಹತ್ತಿದ ಗುಡ್ಡವನ್ನು ಕೆಳಗೆ ನಿಂತು ನೋಡಿದ್ದೀರಾ? ಅವರು ಮೇಲಿನಿಂದ ಬಾ ಎಂದಾಗ ಇಲ್ಲದ ಕೆಲಸ ಹೇಳಿ ತಪ್ಪಿಸಿಕೊಂಡಿದ್ದೀರಾ? ಆಮೇಲೆ ಯಾರಾದರೂ ಒಬ್ಬರು ಮೊದಲು ಮಾತಾಡಿರುತ್ತೀರಿ ತಾನೆ. ಆ ಮೊದಲ ಮಾತು ಏನಿತ್ತು, ಫೋನಿನಲ್ಲಿ ಹೇಳಿದಿರಾ, ಎದುರು ಹೋಗಿ ನಿಂತಿರಾ? ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಎಲ್ಲವನ್ನೂ ಓದುತ್ತೇನೆ. ಸ್ವಲ್ಪ ಬೇಗ ಬರೆಯಿರಿ, ಆ ಬ್ಯಾಚು ಈ ಶನಿವಾರ.